ಕೌದಿಗೆ ಕಮಿಷನ್ ಎಷ್ಟು?

ಹಾಸಿಗೆ ಇದ್ದಷ್ಟು ಕಮಿಷನ್ ಚಾಚು ಎಂದು ಹಿರಿಯರು ಹೇಳಿದ್ದಾರೆ. ಹೇಳಿಲ್ಲವೇ? ಹಾಗಾದರೆ ಆ ಹಿರಿಯರು ಯಾರೂ ಆನ್‌ಲೈನ್‌ನಲ್ಲಿ ಕೌದಿ ಮಾರಿರಲಿಲ್ಲ ಎಂದು ಅರ್ಥ. ಮುಂಬಯಿಯ ವಡಾಲದಲ್ಲಿ ಆರು ಜನ ಹೆಂಗಸರು ಮಾರಿದರು. ಇದು ಅವರದೇ ಕಥೆ, ಅಪ್ಪಟ ನಿಜ. ಸುಳ್ಳೆನಿಸಿದರೆ ಏಳು ದಿನದೊಳಗೆ ರಿಟರ್ನ್ ಮಾಡಬಹುದು. ಓದಿದ ಸಮಯ ಮಾತ್ರ ವಾಪಸ್ ಸಿಗುವುದಿಲ್ಲ.

ರಿಟರ್ನ್ ಎಂದೆನಲ್ಲ, ಕಥೆ ಶುರುವಾಗುವುದೇ ಅಲ್ಲಿಂದ.

ವಡಾಲ ಸ್ಟೇಷನ್ನಿನ ಹಿಂದಿನ ಕೊರಿಯರ್ ಕೌಂಟರಿನ ಮುಂದೆ ಗುಲಾಫಶಾ ಎರಡೂ ಕೈಯಲ್ಲಿ ಪಾರ್ಸೆಲ್ ಅಪ್ಪಿಕೊಂಡು ನಿಂತಿದ್ದಳು. ಗದ್ದದ ಕೆಳಗೆ ಇನ್ನೊಂದು. ಕೌಂಟರಿನವನು ಅದರ ಮೇಲೆ ಮತ್ತೊಂದು ಇಟ್ಟ.

"ಮ್ಯಾಡಮ್, ಇದೂ ನಿಮ್ದೇ. ರಿಟರ್ನ್."

ಎಲ್ಲವೂ ಕೌದಿ. ಹಳೆಯ ಸೀರೆ, ಅಂಗಿ, ಲುಂಗಿಗಳ ತುಂಡು ಜೋಡಿಸಿ ಅವಳ ತಾಯಿ ಗೌಹರ ಮತ್ತು ಚಾಳಿನ ಹೆಂಗಸರು ಕೈಯಲ್ಲೇ ಹೊಲಿದದ್ದು. ಲೇಬಲಿನ ಮೇಲೆ ಕಾರಣ ಒಂದೇ ಪದ... ‘ದೋಷ’.

"ಹೋಗೋ ಭಾಡಾ, ಬರೋ ಭಾಡಾ... ಎರಡೂ ನಿಮ್ ಮ್ಯಾಲೇ ಬಂತಲ್ಲ," ಎಂದಿತು ಬೆನ್ನ ಹಿಂದಿನ ದನಿ. "ಯಾವ ಆ್ಯಪ್ ರೀ? ಕಮಿಷನ್ ಎಷ್ಟ್ ಹಿಡೀತಾರ?"

ತಿರುಗಿದಳು. ಹೆಗಲ ಮೇಲೆ ಶಾಲೆಯ ಬ್ಯಾಗುಗಳ ಮೂಟೆ ಹೊತ್ತ ತರುಣ. ಕೂದಲಲ್ಲೆಲ್ಲ ದಾರದ ಎಳೆ.

"ನಿಮಗ್ಯಾಕ್ರೀ? ಕೌದಿ ಹೆಂಗೈತಿ ಅಂತ ಕೇಳೂದಿಲ್ಲ, ಕಮಿಷನ್ ಕೇಳ್ತೀರಿ."

ಅಷ್ಟರಲ್ಲಿ ಮೇಲಿನ ಪಾರ್ಸೆಲ್ ಜಾರಿತು. ಅವನು ಮೂಟೆ ಕೆಳಗೆ ಹಾಕಿ ಅದನ್ನು ಗಾಳಿಯಲ್ಲೇ ಹಿಡಿದ. ಮುಖ ಹತ್ತಿರ ಬಂತು.

"ಕೌದಿ ನಾ ನೋಡಿಲ್ಲ," ಎಂದ ಮೆಲ್ಲಗೆ. "ನಿಮ್ಮ ಮಾರಿ ನೋಡ್ದೆ. ಈಗ ಅಳೋ ಹಂಗ ಐತಿ. ಅದಕ್ಕ ಕೇಳ್ದೆ... ಬಸ್."

ಕಣ್ಣು ತುಂಬಿದ್ದು ಅವಳಿಗೇ ಗೊತ್ತಿರಲಿಲ್ಲ. ಛೇ, ಇವನ ಮುಂದೆಯೇ ಗೊತ್ತಾಗಬೇಕಾ...

ಅವನ ಹೆಸರು ಅಕೀಲ. ಬೈಕುಲ್ಲಾದ ಒಂದು ಗಲ್ಲಿಯಲ್ಲಿ ಬ್ಯಾಗು ಹೊಲಿಸಿ ಆನ್‌ಲೈನ್‌ನಲ್ಲಿ ಮಾರುವವನು. ಅಜ್ಜನ ಊರು ಸಿಂದಗಿ. ಅವನು ಹುಟ್ಟಿದ್ದು, ಓದಿದ್ದು, ಲೋಕಲ್‌ನಲ್ಲಿ ಜೋತಾಡಿದ್ದು ಎಲ್ಲ ಮುಂಬಯಿಯಲ್ಲಿ. ಅವನ ಕನ್ನಡ ಸ್ಲೋ ಲೋಕಲ್ ಇದ್ದ ಹಾಗೆ. ನಡುನಡುವೆ ಹಿಂದಿಯ ಸ್ಟೇಷನ್ನುಗಳಲ್ಲಿ ನಿಂತು ನಿಂತು ಮುಂದೆ ಹೋಗುತ್ತಿತ್ತು.

ಆ ದಿನ ಪಾರ್ಸೆಲ್ಲುಗಳನ್ನು ಚಾಳಿನ ತನಕ ಹೊತ್ತು ತಂದವನೂ ಅವನೇ. ಗೌಹರ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಯಾರ ಮಗ ಬೇಟಾ ನೀ?"

"ಬ್ಯಾಗಿನ ಅಲ್ಲಾಬಕ್ಷ ಅವರ ಮಗಾ, ಚಾಚೀ."

"ಸಿಂದಗಿ ಅಲ್ಲಾಬಕ್ಷನ? ನಾವು ಇಂಡಿ ತಾಲೂಕಿನವ್ರು. ಕುಂದ್ರು, ಚಾ ಕುಡಿ."

ಚಾಳಿನ ಕೆಳಗಿನ ಮಹಡಿಯ ಒಂದು ಬಾಡಿಗೆ ಖೋಲಿಯಲ್ಲಿ ಆರು ಜನ ಗೋಡೆಗೊರಗಿ ಕುಳಿತು ಹೊಲಿಯುತ್ತಿದ್ದರು. ಎಲ್ಲರೂ ಮೊದಲು ಮಾಟುಂಗಾದ ಬಿಲ್ಡಿಂಗುಗಳಲ್ಲಿ ಪಾತ್ರೆ ತಿಕ್ಕಿದವರು. ಗುಲಾಫಶಾ ವಾಶಿಯ ಕಾಲ್ ಸೆಂಟರ್ ನೌಕರಿ ಬಿಟ್ಟು ಇವರ ಕೌದಿಗಳನ್ನು ಆ್ಯಪಿಗೆ ಹಾಕತೊಡಗಿದ್ದಳು. ಆದರೆ ಕಮಿಷನ್ ಎಂಬ ಪದದಲ್ಲೇ ‘ಕಮ್ಮಿ’ ಕುಳಿತಿದೆಯಲ್ಲ! ಕೈಗೆ ಬರುವುದು ದಿನೇ ದಿನೇ ಕಮ್ಮಿಯಾಯಿತು. ಕಾಲ್ ಸೆಂಟರಿನವರು ಮತ್ತೆ ಕರೆದಿದ್ದರು. ಒಂದನೇ ತಾರೀಖಿನೊಳಗೆ ಕೌದಿ ಖೋಲಿಯ ಬಾಡಿಗೆ ಹುಟ್ಟದಿದ್ದರೆ ಅವಳು ವಾಶಿಗೆ, ಇವರು ಪಾತ್ರೆಗೆ.

ನಾನು ಹೋದರೆ ಇವರಿಗಾಗಿ ಫೋನ್ ಹಿಡಿಯುವವರು ಯಾರು? ಈ ಪ್ರಶ್ನೆ ಅವಳನ್ನು ನಿದ್ದೆಯಲ್ಲೂ ಬಿಡುತ್ತಿರಲಿಲ್ಲ.

ಮರುದಿನ ಅಕೀಲ ಮತ್ತೆ ಬಂದ. ಕರೆಯದೆ ಬಂದ. "ಮೂರು ಆ್ಯಪ್ ಹೋಲಿಸಿ ನೋಡೀನಿ," ಎಂದು ಫೋನ್ ಹಿಡಿದು ಹೆಂಗಸರ ನಡುವೆ ಚಕ್ಕಳಮಕ್ಕಳ ಹಾಕಿ ಕುಳಿತ.

"ನೋಡ್ರಿ, ಇದು ಝಟ್‌ಪಟ್. ಕಮಿಷನ್ ಝೀರೊ. ಆದ್ರ ಪಾರ್ಸೆಲ್ ಖರ್ಚು ಜಾಸ್ತಿ. ಮ್ಯಾಲೆ, ಜಾಹೀರಾತು ಹಾಕ್ರಿ, ಇಲ್ಲಂದ್ರ ನಿಮ್ಮ ಮಾಲು ಯಾರಿಗೂ ಕಾಣಂಗಿಲ್ಲ ಅಂತಾರ."

"ವರದಕ್ಷಿಣಿ ಬ್ಯಾಡ, ದಿಬ್ಬಣದ ಬಸ್ಸು ಬ್ಯಾಂಡು ನಿಮ್ದ ಅನ್ನೋ ಗಂಡು," ಎಂದಳು ಸುಂದ್ರವ್ವ, ಸೂಜಿ ನಿಲ್ಲಿಸದೆ. ಗುಂಪಿನಲ್ಲಿ ಹಿರಿಯಳು, ಬಾಯಲ್ಲಿ ಎಲ್ಲರಿಗಿಂತ ಹಿರಿಯಳು. "ಮುಂದಿನವ?"

"ಸಸ್ತಾಪೇಟೆ. ಈಗ ನೀವು ಮಾರಾಕತ್ತಿದ್ದು. ಕಮಿಷನ್ ಸ್ವಲ್ಪ, ಗಿರಾಕಿ ಭಾಳ. ರಿಟರ್ನೂ ಭಾಳ."

"ನೋಡಿ ಒಪ್ಕೊಂಡು, ವಾರಕ್ಕ ತವರಿಗೆ ಕಳಸೋ ಮನಿ. ಮತ್ತೊಬ್ಬ?"

"ಹುನರ್‌ಗಲ್ಲಿ. ಕೈಕೆಲಸದ ಸಾಮಾನಷ್ಟ ಮಾರ್ತಾರ. ಕಮಿಷನ್ ಎಲ್ಲಾರಕಿಂತ ಜಾಸ್ತಿ. ಗಿರಾಕಿ ಕಮ್ಮಿ. ಆದ್ರ ಓದಿ, ತಿಳ್ಕೊಂಡು ತಗೊಳ್ಳೋ ಮಂದಿ. ಮತಲಬ್... ವಾಪಸ್ ಕಳಸೂದು ಭಾಳ ಕಮ್ಮಿ."

"ಇವ ಬಾಯಿ ಬಿಟ್ಟು ಕೇಳ್ತಾನ, ಆದ್ರ ಬಾಳಿಸ್ತಾನ," ಎಂದಳು ಗೌಹರ.

ಗುಲಾಫಶಾ ಎದ್ದು ನಿಂತು, ಅಕೀಲನ ಹಾಗೆಯೇ ಭುಜ ಕುಗ್ಗಿಸಿ, ಅವನದೇ ದನಿಯಲ್ಲಿ ಹೇಳಿದಳು: "ನೋಡ್ರಿ ಚಾಚೀ, ಮತಲಬ್, ಹುಡುಗ ಝೀರೊ, ಖರ್ಚು ಜಾಸ್ತಿ, ಬಸ್."

ಖೋಲಿ ಘೊಳ್ಳೆಂದಿತು. ಅಕೀಲ ತಬ್ಬಿಬ್ಬಾದ. "ನಾ ಹಂಗ ಮಾತಾಡ್ತೀನಾ?"

"ಮತಲಬ್... ಹಂಗ."

ಆದರೂ ನಿರ್ಧಾರ ಅವಳದೇ. ಚಳಿಗಾಲದ ಸೇಲ್ ಸಸ್ತಾಪೇಟೆಯಲ್ಲಿತ್ತು. ಗಿರಾಕಿ ಕಮ್ಮಿ ಇರುವ ಕಡೆ ಹೋಗಿ ಕಾಯುವಷ್ಟು ಸಮಯ ಅವಳಿಗೆಲ್ಲಿತ್ತು?

"ಅಲ್ಲೇ ಮಾರೂಣು," ಎಂದಳು. "ರಿಟರ್ನ್ ಒಂದು ನಿಂತ್ರ ಸಾಕು."

"ಯಾಕ ವಾಪಸ್ ಬರ್ತಾವ ಅಂತ ನಾ ಹುಡುಕ್ತೀನಿ," ಎಂದ ಅಕೀಲ.

ಆ ಮಾತನ್ನು ಅವನು ಎಷ್ಟು ಮನಸ್ಸಿಗೆ ಹಚ್ಚಿಕೊಂಡ ಎಂಬುದು ಆಗ ಅವಳಿಗೆ ತಿಳಿಯಲಿಲ್ಲ.

ಆಮೇಲೆ ಅವನು ಬರುವುದು ವಾಡಿಕೆಯಾಯಿತು. ಒಮ್ಮೆ ದಾರ ಕೊಳ್ಳಲು ಬೈಕುಲ್ಲಾಕ್ಕೆ ಹೋದವಳನ್ನು ಉಡುಪಿ ಹೋಟೆಲಿಗೆ ಕರೆದೊಯ್ದ. ಎದುರುಬದುರು ಕುಳಿತು ಇಬ್ಬರೂ ಮೆನು ಕಾರ್ಡನ್ನೇ ಎರಡೆರಡು ಸಲ ಓದಿದರು.

"ಅಕೀಲ್ ಭಾಯಿ, ಆ ಚಟ್ನಿ ಈ ಕಡಿ ಕೊಡ್ರಿ," ಎಂದಳು ಕೊನೆಗೆ.

ಅವನ ಕೈ ಬಟ್ಟಲ ಮೇಲೆಯೇ ನಿಂತಿತು. "ಭಾಯಿ ಅನ್ಬ್ಯಾಡ್ರಿ."

"ಮತ್ತೇನನ್ಲಿ?"

"ಏನೂ ಅನ್ಬ್ಯಾಡ್ರಿ. ಹಂಗ ಕರೀರಿ."

"ಏನೂ ಅನ್ನಲಾರದ ಹೆಂಗ ಕರೀಲಿ?"

ಅವನು ತಟ್ಟೆಯಲ್ಲಿ ಇದ್ದ ವಡೆಯನ್ನೆಲ್ಲ ಸಾಂಬಾರಿನಲ್ಲಿ ಮುಳುಗಿಸಿಬಿಟ್ಟ. ಅವಳು ಚಟ್ನಿಯನ್ನು ಕೇಳಿದ್ದೇ ಮರೆತು ಕಿಟಕಿಯ ಹೊರಗೆ ನೋಡುತ್ತಿದ್ದಳು... ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ.

ಇಷ್ಟು ಚೆನ್ನಾಗಿ ನಡೆಯುತ್ತಿದ್ದ ಕಥೆಗೆ ಕತ್ತರಿ ಬಿದ್ದದ್ದು ಒಂದು ಶುಕ್ರವಾರ. ನಿಜವಾದ ಕತ್ತರಿಯೇ.

ಮಾಟುಂಗಾದಿಂದ ಬಟ್ಟೆ ತಂದು ಗುಲಾಫಶಾ ಖೋಲಿಯ ಬಾಗಿಲು ತಳ್ಳಿದಳು. ಹೆಂಗಸರು ಊಟಕ್ಕೆ ಹೋಗಿದ್ದರು. ಅಕೀಲ ಒಬ್ಬನೇ ಕತ್ತರಿ ಹಿಡಿದು ನೆಲದ ಮೇಲೆ ಕುಳಿತಿದ್ದ. ಸುತ್ತ ಕೌದಿಗಳು. ಪ್ರತಿಯೊಂದರ ಒಂದು ಮೂಲೆ ಬಿಚ್ಚಿಕೊಂಡಿತ್ತು. ಮುಂದಿನ ಪೇಪರಿನ ಮೇಲೆ ಜೋಳದ ಗುಡ್ಡೆ.

"ಸಿಕ್ತು," ಎಂದ ಅವನು, ಪರೀಕ್ಷೆ ಪಾಸಾದವನ ಮುಖದಲ್ಲಿ. "ರಿಟರ್ನಿನ ಕಾರಣ ಸಿಕ್ತು. ಒಂದ್ ಮೂಲ್ಯಾಗ ಗಂಟು ಹತ್ತತೈತಿ, ಗಿರಾಕಿ ದೋಷ ಅಂತ ವಾಪಸ್ ಕಳಸ್ತಾರ. ನೀವು ಕಾಳು ಹಸನ ಮಾಡೋ ಜಾಗಾದಾಗೇ ಹೊಲೀತೀರಲ್ಲ, ಒಳಗ ಬಿದ್ದಾವ. ಎಲ್ಲಾ ತಗದೀನಿ. ಇನ್ನ ಒಂದೂ ವಾಪಸ್ ಬರೂದಿಲ್ಲ."

ಅವಳ ಕೈಯಿಂದ ಬಟ್ಟೆಯ ಗಂಟು ಜಾರಿತು.

"ಬಿದ್ದಿಲ್ಲ," ಎಂದಳು. "ಹಾಕೇವಿ."

"ಕ್ಯಾ?"

"ಕೊನೀ ಮೂಲಿ ಮುಚ್ಚೋ ಮುಂದ ಹುರಿದ ಜೋಳ ಹಾಕಿ ಹೊಲೀತೀವಿ. ಕೌದಿ ಹೊಟ್ಟಿ ಖಾಲಿ ಇರಬಾರದು. ಹೊದ್ದವ್ರು ಹಸಿದು ಮಲಗಬಾರದು ಅಂತ... ನಿಮಗ ಯಾರೂ ಹೇಳಿಲ್ಲ?"

ಅವನ ಮುಖದ ಬಣ್ಣ ಇಳಿಯಿತು. ಅಷ್ಟರಲ್ಲಿ ಅವಳ ಕಣ್ಣು ಗುಂಪಿನಲ್ಲಿದ್ದ ಹಸಿರು ಕೌದಿಯ ಮೇಲೆ ಬಿತ್ತು. ಅದು ಮಾರುವುದಲ್ಲ. ತೀರಿಹೋದ ಅಪ್ಪನ ಅಂಗಿಗಳಿಂದ ಗೌಹರಳ ತಾಯಿ ನಾನಿ ಹೊಲಿದದ್ದು, ಗುಲಾಫಶಾಳ ಮದುವೆಗೆಂದು. ಅದರ ಮೂಲೆ ಮುಚ್ಚಿದ ನಾನಿಯೂ ಈಗಿಲ್ಲ. ಅಂಚು ಸರಿಮಾಡಲೆಂದು ಗೌಹರ ಹಿಂದಿನ ದಿನ ಮೇಲಿನ ಮನೆಯಿಂದ ಕೆಳಗೆ ತಂದಿದ್ದಳು.

ಅದರ ಮೂಲೆಯೂ ಬಿಚ್ಚಿತ್ತು. ನಾನಿ ಹಾಕಿದ ಕಾಳು ಯಾವುದು, ಉಳಿದ ಕಾಳು ಯಾವುದು... ಪೇಪರಿನ ಮೇಲೆ ಎಲ್ಲ ಒಂದೇ ಆಗಿಹೋಗಿತ್ತು.

"ನಿಮಗ ಎಲ್ಲಾದ್ರಾಗೂ ಫೀಸು, ಭಾಡಾ, ಖರ್ಚು, ಇಷ್ಟ ಕಾಣ್ತೈತಿ," ಎಂದಳು. ದನಿ ಏರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಇದನ್ನ ಯಾವುದರ ಜೊತಿ ಹೋಲಿಸ್ತೀರಿ? ಹೋಗ್ರಿ ಇಲ್ಲಿಂದ."

ಅವನ ತುಟಿ ಅಲುಗಿತು.  ಎದ್ದು ಚಪ್ಪಲಿ ಮೆಟ್ಟಿ ಹೊರಟುಹೋದ.

ಒಂದು ‘ಮಾಫ್ ಮಾಡ್ರಿ’ ಕೂಡ ಇಲ್ಲವಲ್ಲ... ಅಷ್ಟೇನಾ ಇವನ ಮನಸ್ಸು? ಅವಳು ಮೇಲಿನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಲ್ಲಿಂದ ಮುಂದೆ ಖೋಲಿಗೆ ಇಳಿಯಲೇ ಇಲ್ಲ. ಹೆಂಗಸರು ಬಂದು ಕರೆದರು, ತಲೆನೋವು ಎಂದಳು. ಸುಂದ್ರವ್ವ ಬಂದು ಏನೋ ಹೇಳಲು ಬಾಯಿ ತೆರೆದಳು. "ಅವ್ರ ಸುದ್ದಿ ಬ್ಯಾಡ ಅವ್ವಾ" ಎಂದು ಮುಖ ತಿರುಗಿಸಿದಳು.

ತಿಂಗಳ ಕೊನೆಯಲ್ಲಿ ಕಾಲ್ ಸೆಂಟರಿನಿಂದ ಫೋನ್ ಬಂತು. ಬರುತ್ತೇನೆ ಎಂದುಬಿಟ್ಟಳು.

ಮರುದಿನ ಬೆಳಿಗ್ಗೆ ವಾಶಿಯ ಲೋಕಲ್ ಹತ್ತಿದಳು. ಲೇಡೀಸ್ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಜಾಗವೂ ಸಿಕ್ಕಿತು. ಯಾವುದೂ ಬೇಡವಾದ ದಿನವೇ ಇಂಥದ್ದೆಲ್ಲ ಸಿಗುವುದು. ರೈಲು ಕುರ್ಲಾ ದಾಟುವಾಗ ಫೋನ್ ಟಿಂಗ್ ಎಂದಿತು. ಆರ್ಡರ್. ಮತ್ತೊಂದು. ಮತ್ತೊಂದು.

ಸಸ್ತಾಪೇಟೆಯದಲ್ಲ. ಹುನರ್‌ಗಲ್ಲಿಯದು.

ಅಲ್ಲಿ ನಾನು ಏನೂ ಹಾಕಿಲ್ಲವಲ್ಲ... ತೆರೆದಳು. ಅಮ್ಮಿಯ ಹೆಸರಿನ ಅಂಗಡಿ. ಅವರ ಕೌದಿಗಳ ಫೋಟೋ. ಕೆಳಗೆ ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ, ಕೊನೆಗೆ ತೊದಲುವ ಕನ್ನಡದಲ್ಲಿ ಬರೆದಿತ್ತು:

‘ಒಂದು ಮೂಲೆಯಲ್ಲಿ ಕೈಗೆ ಗಂಟು ಹತ್ತುತ್ತದೆ. ಅದು ದೋಷ ಅಲ್ಲ. ಹುರಿದ ಜೋಳ. ಹೊದ್ದವರು ಹಸಿದು ಮಲಗಬಾರದು ಅಂತ ಹೊಲಿದ ತಾಯಂದಿರು ಇಟ್ಟದ್ದು. ಗೊತ್ತಿಲ್ಲದೆ ಒಮ್ಮೆ ಬಿಚ್ಚಿದವನು ಬರೆಯುತ್ತಿದ್ದೇನೆ. ದಯವಿಟ್ಟು ಬಿಚ್ಚಬೇಡಿ.’

ಪುಣೆಯ ಒಬ್ಬಳು ಆರ್ಡರಿನ ಜೊತೆ ಕೇಳಿದ್ದಳು: ‘ಮಗುವಿಗೆ ಬೇಕು. ಜೋಳ ಹಾಕಲು ಮರೆಯಬೇಡಿ, ಪ್ಲೀಸ್.’

ಗುಲಾಫಶಾಳ ಕಣ್ಣ ಮುಂದೆ ಅಕ್ಷರಗಳು ಕಲಸಿಹೋದವು. ಅಮ್ಮಿಗೆ ಫೋನ್ ಹಚ್ಚಿದಳು.

"ಹೌದು, ಅವನ ಹಾಕ್ಯಾನ, ನಿನ್ನ ನಂಬರ ಕೊಟ್ಟು," ಎಂದಳು ಗೌಹರ. "ಸುಂದ್ರವ್ವ ಹೇಳಿದ್ದು ಕೇಳಿ ಕೇಳಿ ಬರದಾನ. ದಿನಾ ಸಂಜೀಕ ಬಂದು ಕೂತು, ಬಿಚ್ಚಿದ್ದ ಮೂಲಿ ಎಲ್ಲಾ ತಾನ ಮುಚ್ಚಿದ. ಬೆರಳಿಗೆ ಸೂಜಿ ಚುಚ್ಚಿ ಚುಚ್ಚಿ ಹಾಳ ಆಗ್ಯಾವ. ನಿನ್ನ ಹಸರ ಕೌದಿ ಮಾತ್ರ ಮುಟ್ಟಲಿಲ್ಲ. ಅದನ್ನ ಅವರ ಮುಚ್ಚಬೇಕು ಚಾಚೀ, ಅಂದ."

"ಅಮ್ಮೀ... ನನಗ್ಯಾಕ ಹೇಳಲಿಲ್ಲ?"

"ನೀ ಯಾರ ಮಾತು ಕೇಳಿದಿ? ನೀ ಕೆಳಗ ಇಳೀಲಿಲ್ಲ, ಅವ ಮ್ಯಾಲೆ ಹತ್ತಲಿಲ್ಲ. ನಡುವ ಇಷ್ಟ ಮೆಟ್ಟಲ ಅದಾವ ನೋಡು, ಎರಡೂ ಕಡಿ ಭಾಡಾ ನಾವು ತುಂಬಾಕತ್ತಿದ್ದಿವಿ. ಇವತ್ತ ಮಧ್ಯಾಹ್ನ ಪಾರ್ಸೆಲ್ ಕವರ್ ತಗೊಂಡು ಬರ್ತಾನ."

ಮಾನಖುರ್ದದಲ್ಲಿ ಇಳಿದಳು. ವಾಶಿಗೆ ಫೋನ್ ಮಾಡಿ, ಬರುವುದಿಲ್ಲ ಎಂದಳು. ಆರ್ಡರುಗಳು ಮೂಟೆಗಟ್ಟಲೆ ಏನಿರಲಿಲ್ಲ. ಆದರೆ ಖೋಲಿಯ ಬಾಡಿಗೆ ಹುಟ್ಟುವಷ್ಟಿದ್ದವು, ಮತ್ತು ಇವು ಹೋದರೆ ವಾಪಸ್ ಬರುವಂಥವಲ್ಲ. ಸೇತುವೆ ಹತ್ತಿ ಎದುರು ಪ್ಲಾಟ್‌ಫಾರ್ಮಿಗೆ ಓಡಿದಳು. ಜೀವನದಲ್ಲಿ ಮೊದಲ ಸಲ ಒಂದು ರಿಟರ್ನ್ ಅವಳಿಗೆ ಇಷ್ಟು ಖುಷಿ ಕೊಟ್ಟಿತ್ತು.

ಆದರೆ ಮುಖ ಕಂಡ ಕೂಡಲೇ ‘ಮಾಫ್ ಮಾಡ್ರಿ’ ಎಂದು ಅಳುವುದೇ? ಛೆ. ಅದೆಲ್ಲ ಅವಳ ಜಾಯಮಾನವಲ್ಲ.

"ಅವ್ವಾ, ನಿನ್ನ ಫೋನ್ ಕೊಡು," ಎಂದಳು ಖೋಲಿಗೆ ಬಂದವಳೇ ಸುಂದ್ರವ್ವನಿಗೆ. ಆ ನಂಬರು ಅಕೀಲನ ಬಳಿ ಇರಲಿಲ್ಲ. "ಎಲ್ಲಾರೂ ಬಾಯಿ ಮುಚ್ಕೊಂಡು ಕೂಡ್ರಬೇಕು. ನಕ್ಕವ್ರು ಇವತ್ತಿನ ಚಾ ಮಾಡಬೇಕು."

ಅಕೀಲನ ನಂಬರು ಒತ್ತಿ ಫೋನ್ ಸ್ಪೀಕರಿಗೆ ಹಾಕಿದಳು. ಅತ್ತ ಕಡೆ ಬೀದಿಯ ಗದ್ದಲ. ಗುಲಾಫಶಾ ಗಂಟಲು ಸರಿಮಾಡಿ, ಮೂಗಿನಿಂದ, ಒಂದೇ ಸ್ವರದಲ್ಲಿ ಶುರುಮಾಡಿದಳು:

"ಹುನರ್‌ಗಲ್ಲಿ ಮಾರಾಟಗಾರರ ಸಹಾಯವಾಣಿಗೆ ಸ್ವಾಗತ. ಕನ್ನಡ ಭಾಷೆಯನ್ನು ಆರಿಸಿದ್ದಕ್ಕಾಗಿ ಧನ್ಯವಾದಗಳು."

"ಮೇಡಮ್, ನಾ ಆರಿಸಿಲ್ಲ. ನೀವ ಫೋನ್ ಮಾಡೀರಿ."

"ಆರಿಸದೇ ಇದ್ದದ್ದಕ್ಕಾಗಿ ಧನ್ಯವಾದಗಳು. ಗೌಹರ ಎಂಬುವವರ ಖಾತೆಯನ್ನು ನೀವು ತೆರೆದಿದ್ದೀರಿ. ಅವರು ನಿಮಗೆ ಏನಾಗಬೇಕು? ಚಿಕ್ಕಮ್ಮ, ಅತ್ತೆ, ಇತರೆ."

ಸುಂದ್ರವ್ವ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಅತ್ತೆ ಅಂತ... ಮತಲಬ್, ಇನ್ನೂ ಇಲ್ಲ," ಎಂದ ಅಕೀಲ. "ಚಾಚೀ ಅಂತ ಬರೀರಿ ಸದ್ಯಕ್ಕ."

"ಸದ್ಯಕ್ಕೆ ಎಂಬ ಆಯ್ಕೆ ಇಲ್ಲ ಸರ್. ಅವರ ಮಗಳು ಗುಲಾಫಶಾ ಅವರಿಗೂ ನಿಮಗೂ ಸಂಬಂಧ? ಭಾಯಿ, ಕೆಲಸದವರು, ಇತರೆ."

"ಭಾಯಿ ಅಲ್ಲ. ಮೊದಲು ಅದನ್ನ ತಗೀರಿ ಮೇಡಮ್. ಅದೊಂದು ಬ್ಯಾಡ."

"ಹಾಗಾದರೆ ಇತರೆ?"

"ಇತರೆ."

"ಇತರೆ ಎಂದರೆ ವಿವರ ಕಡ್ಡಾಯ ಸರ್. ಇಲ್ಲದಿದ್ದರೆ ಖಾತೆ ಬಂದ್ ಆಗುತ್ತದೆ."

 ಚಾಳಿನ ಅಂಗಳದ ನಲ್ಲಿಯ ಸದ್ದು ಫೋನಿನಲ್ಲಿ ಕೇಳಿತು. ಇವನು ಆಗಲೇ ಅಂಗಳಕ್ಕೆ ಬಂದಿದ್ದಾನೆ... ಗುಲಾಫಶಾ ಬಾಗಿಲ ಕಡೆ ನೋಡಿದಳು.

"ಖಾತೆ ಬಂದ್ ಮಾಡಬ್ಯಾಡ್ರಿ," ಎಂದ. ದನಿ ಸಣ್ಣಗಾಗಿತ್ತು. "ಹೇಳ್ತೀನಿ. ನಾ ಒಂದು ದೊಡ್ಡ ತಪ್ಪು ಮಾಡೀನಿ. ಅವರ ನಾನಿ ಹೊಲಿದಿದ್ದು ಬಿಚ್ಚಿಬಿಟ್ಟೆ. ಮಾಫಿ ಕೇಳಬೇಕಂದ್ರ ಕನ್ನಡದಾಗ ಅಷ್ಟು ದೊಡ್ಡ ಮಾತು ನನಗ ಬರಲಿಲ್ಲ. ಹಿಂದಿಯೊಳಗ ಹೇಳಿದ್ರ ಸಣ್ಣದಾಗ್ತಿತ್ತು. ಸುಮ್ನ ಬಂದುಬಿಟ್ಟೆ. ದಿನಾ ಆ ಖೋಲಿಗೆ ಹೋಗ್ತೀನಿ, ಅವರು ಇರಂಗಿಲ್ಲ. ಆದ್ರೂ ಹೋಗ್ತೀನಿ. ಯಾಕ ಅಂದ್ರ..."

ಈಗ ದನಿ ಎರಡು ಕಡೆಯಿಂದ ಬರುತ್ತಿತ್ತು. ಒಂದು ಫೋನಿನಿಂದ, ಇನ್ನೊಂದು ಬಾಗಿಲ ಹೊರಗಿನಿಂದ.

"...ಯಾಕ ಅಂದ್ರ ನನಗ ಅವರು ಬೇಕು, ಮೇಡಮ್. ಇಡೀ ಜೀವನಕ್ಕ. ಇದು ನಿಮ್ಮ ಫಾರ್ಮಿನಾಗ ಹಿಡೀತೈತೋ ಇಲ್ಲೋ ಗೊತ್ತಿಲ್ಲ."

ಬಾಗಿಲು ತೆರೆಯಿತು. ಬಗಲಲ್ಲಿ ಕವರಿನ ಕಟ್ಟು, ಕಿವಿಗೆ ಫೋನ್. ಒಳಗೆ ಆರು ಹೆಂಗಸರು, ಆರು ಸೆರಗು, ಆರು ತುಂಬಿದ ಬಾಯಿ. ನಡುವೆ ಸುಂದ್ರವ್ವನ ಫೋನ್ ಹಿಡಿದ ಗುಲಾಫಶಾ. ಕೆನ್ನೆಯ ಮೇಲೆ ನೀರು ಇಳಿಯುತ್ತಿದ್ದರೂ ಮೂಗಿನ ದನಿ ಬಿಡಲಿಲ್ಲ.

"ನಿಮ್ಮ ವಿವರ ಹಿಡಿಸಿದೆ ಸರ್."

ಅವಳ ದನಿ ಅವನ ಎರಡೂ ಕಿವಿಗೆ ಒಟ್ಟಿಗೆ ಬಿತ್ತು. ಅವನು ಫೋನ್ ನೋಡಿದ. ಅವಳನ್ನು ನೋಡಿದ. ಮತ್ತೆ ಫೋನ್ ನೋಡಿದ.

"ಸಹಾಯವಾಣಿಯವ್ರು ಹೋಲ್ಡ್ ಮಾಡಲಾರದ ಇಷ್ಟೊತ್ತು ಮಾತಾಡಿದಾಗ ನನಗ ಗೊತ್ತಾಗಬೇಕಿತ್ತು," ಎಂದ ನಿಧಾನವಾಗಿ.

"ಅಕೀಲ್," ಎಂದಳು ಅವಳು. ಹಿಂದೆ ಮುಂದೆ ಏನೂ ಹಚ್ಚದೆ, ತನ್ನದೇ ದನಿಯಲ್ಲಿ. "ನಾನೂ ತಪ್ಪು ಮಾಡೀನಿ. ನಿಮ್ಮ ಮಾತು ಬರೂತನಾ ನಿಲ್ಲಲಿಲ್ಲ."

"ಈಗ ಬಂತಲ್ಲ."

"ಬಂತು. ಎಲ್ಲಾರ ಮುಂದ ಬಂತು."

"ಮತ್ತ ನಿಮ್ಮ ಉತ್ತರ?"

"ಉತ್ತರಕ್ಕಾಗಿ ಒಂದನ್ನು ಒತ್ತಿ."

ಅವನು ನಿಜವಾಗಿಯೂ ಒತ್ತಿಬಿಟ್ಟ. ಸುಂದ್ರವ್ವನ ಫೋನ್ ಅವಳ ಕೈಯಲ್ಲಿ ಕುಂಯ್ ಎಂದಿತು.

"ಹ್ಞೂಂ," ಎಂದಳು ಗುಲಾಫಶಾ. "ಇದ ನನ್ನ ಉತ್ತರ. ಹ್ಞೂಂ."

ಮೊದಲು ಸುಂದ್ರವ್ವನ ಸೆರಗು ಬಾಯಿಂದ ಹೊರಬಿತ್ತು. ಆಮೇಲೆ ಉಳಿದವರದು. ಗೌಹರ ನಗುತ್ತಾ ಕಣ್ಣೊರೆಸಿಕೊಂಡಳು. ಎಲ್ಲರೂ ನಕ್ಕು ಮುಗಿಸಿ ಉಸಿರು ತೆಗೆದುಕೊಳ್ಳುವಾಗ ಅಕೀಲನಿಗೆ ತಾನು ಒಂದನ್ನು ಒತ್ತಿದ್ದು ಹೊಳೆಯಿತು. ಕವರಿನ ಕಟ್ಟು ಜಾರಿ ಬಿತ್ತು. ಅವನು ಹೊಸ್ತಿಲ ಮೇಲೆಯೇ ಕುಸಿದು ಕುಳಿತ. ಹೊಟ್ಟೆ ಹಿಡಿದುಕೊಂಡು ಅವನು ನಕ್ಕ ನಗುವಿಗೆ ಮೂರೂ ಮಹಡಿಯ ಜನ ವರಾಂಡಕ್ಕೆ ಬಂದು, ಏನಾಯಿತೆಂದು ಬಗ್ಗಿ ನೋಡಿದರು.